ದೀಕ್ಷಾಸ್ನಾನದ ನಂತರವೂ ಕೃಪೆಯೇ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮದುವೆಗೆ ಮೊದಲೇ ನಾನು ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದವಳು. ಸಭೆಯಲ್ಲಿ ಸಾಕ್ಷಿ ಹೇಳುವವರು ‘ಆ ದಿನದಿಂದ ನನ್ನ ಬಾಳೇ ಬದಲಾಯಿತು’ ಎನ್ನುತ್ತಾರೆ. ನನ್ನಲ್ಲಿ ಅಂಥದ್ದೇನೂ ಕಾಣುತ್ತಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಮಕ್ಕಳ ಮೇಲೆ ರೇಗುತ್ತೇನೆ, ಅತ್ತೆಯವರಿಗೆ ಎದುರುತ್ತರ ಕೊಡುತ್ತೇನೆ. ಭಾನುವಾರ ಅದೇ ಬಾಯಿಂದ ಸಂಡೇ ಸ್ಕೂಲಿನಲ್ಲಿ ಪ್ರೀತಿಯ ಪಾಠ ಹೇಳುತ್ತೇನೆ. ನನ್ನ ಮಾನಸಾಂತರವೇ ಸುಳ್ಳಾಗಿತ್ತೇ?
– ಒಬ್ಬ ಸಹೋದರಿ, ಗದಗ

ಉತ್ತರ: ಸಹೋದರಿ, ನಿಮ್ಮ ನೋವು ನಿಜವಾದದ್ದು, ಆದರೆ ಅದರಿಂದ ನೀವು ತಲುಪಿರುವ ತೀರ್ಮಾನವನ್ನು ನಾನು ಒಪ್ಪಲಾರೆ. ಕ್ರಿಸ್ತನ ಶಿಷ್ಯರನ್ನು ಹಿಡಿಯಲು ದಮಸ್ಕಕ್ಕೆ ಹೊರಟಿದ್ದ ಸೌಲನು, ಅಂದರೆ ಮುಂದೆ ಅಪೊಸ್ತಲ ಪೌಲನಾದವನು, ದಾರಿಯಲ್ಲಿ ಆಕಾಶದ ಬೆಳಕನ್ನು ಕಂಡು ಬದಲಾದಂತೆಯೇ ಎಲ್ಲರಿಗೂ ಆಗಬೇಕೆಂದು ನಾವು ಎಣಿಸುವುದರಿಂದ, ಅಂಥ ಬೆಳಕನ್ನು ಕಾಣದವರು ತಮ್ಮ ನಂಬಿಕೆಯನ್ನೇ ಸಂಶಯಿಸತೊಡಗುತ್ತಾರೆ. ಸೌಲನಿಗಾದರೂ ಎಲ್ಲವೂ ಆ ಒಂದು ಗಳಿಗೆಯಲ್ಲಿ ಮುಗಿಯಲಿಲ್ಲ. ಮೂರು ದಿನ ಕಣ್ಣು ಕಾಣದೆ, ಅನ್ನನೀರು ಮುಟ್ಟದೆ ಇದ್ದ ಅವನ ಬಳಿಗೆ ದಮಸ್ಕದ ಶಿಷ್ಯನಾದ ಅನನೀಯನು ಹೋಗಿ, ತನ್ನಂಥವರನ್ನು ಸೆರೆಹಿಡಿಯಲು ಬಂದಿದ್ದ ಆ ಮನುಷ್ಯನನ್ನೇ ಸಹೋದರನೆಂದು ಕರೆದು, ಅವನ ಮೇಲೆ ಕೈಯಿಡಬೇಕಾಯಿತು.

ನಮ್ಮ ನಾಡಿಗೆ ಸೇರಿದ ಒಬ್ಬ ತಾಯಿಯ ಜೀವನವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಪಂಡಿತಾ ರಮಾಬಾಯಿಯವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತ ಶಾಸ್ತ್ರಿಗಳು ಕಾರ್ಕಳದ ಬಳಿಯ ಮಾಳದವರು. ಹುಡುಗಿಯರಿಗೆ ಅಕ್ಷರವೇ ಬೇಡವೆನ್ನುತ್ತಿದ್ದ ಆ ಕಾಲದಲ್ಲಿ ತಾಯಿಯಿಂದಲೇ ಸಂಸ್ಕೃತ ಕಲಿತ ಅವರು, 1870ರ ದಶಕದ ಬರಗಾಲದಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಅಣ್ಣನೊಡನೆ ಊರೂರು ನಡೆದು, ಕಡೆಗೆ ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತೆಯೆಂಬ ಮನ್ನಣೆ ಪಡೆದರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ವಿಧವೆಯಾದರು. 1883ರಲ್ಲಿ ಎಳೆಯ ಮಗಳು ಮನೋರಮಾಳೊಂದಿಗೆ ಇಂಗ್ಲೆಂಡಿಗೆ ಹೋದರು. ಸಮಾಜ ಕೈಬಿಟ್ಟ ಹೆಂಗಸರನ್ನು ಅಲ್ಲಿನ ಕ್ರೈಸ್ತ ಸಹೋದರಿಯರು ಆದರದಿಂದ ನೋಡಿಕೊಳ್ಳುತ್ತಿದ್ದುದನ್ನು ಕಂಡು, ಇದಕ್ಕೆ ಮೂಲವೇನೆಂದು ವಿಚಾರಿಸಿದಾಗ, ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗ ಅವರ ಮನಸ್ಸನ್ನು ಮುಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ದೀಕ್ಷಾಸ್ನಾನ ಹೊಂದಿದರು.

ನಿಮ್ಮ ಪ್ರಶ್ನೆಗೆ ಬೇಕಾದದ್ದು ಇದರ ಮುಂದಿನ ಭಾಗ. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ, ತಾನು ಕ್ರೈಸ್ತ ಧರ್ಮವನ್ನು ಕಂಡುಕೊಂಡಿದ್ದರೂ ಆ ಧರ್ಮದ ಜೀವವಾದ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿಲ್ಲವೆಂಬುದು ರಮಾಬಾಯಿಯವರಿಗೆ ಅರಿವಾಯಿತು. ತನ್ನ ಓದು, ವಿಚಾರ, ಸತ್ಕಾರ್ಯ ಯಾವುದನ್ನೂ ನೆಚ್ಚದೆ, ಇದ್ದ ಹಾಗೆಯೇ ಕರ್ತನಿಗೆ ತನ್ನನ್ನು ಒಪ್ಪಿಸಿಕೊಂಡಾಗ ಸಮಾಧಾನ ದೊರೆಯಿತೆಂದು ಅವರೇ ಬರೆದಿದ್ದಾರೆ. ಹಾಗಾದರೆ 1883ರ ದೀಕ್ಷಾಸ್ನಾನ ಸುಳ್ಳಾಗಿತ್ತೇ? ನನಗೆ ಹಾಗನ್ನಿಸುವುದಿಲ್ಲ. ಅವರನ್ನು ಬಾಗಿಲವರೆಗೆ ಕರೆತಂದ ಕೃಪೆಯೇ ಒಳಗೂ ನಡೆಸಿತು. ಅದಕ್ಕೆ ಎಂಟು ವರ್ಷ ಹಿಡಿಯಿತು. ಬಾಲವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದದ್ದು 1889ರಲ್ಲಿ, ಅಂದರೆ ಆ ಸಮಾಧಾನ ದೊರೆಯುವ ಮೊದಲೇ. ಪೂರ್ಣ ನಿಶ್ಚಯವಿಲ್ಲದ ಆ ಕೈಗಳನ್ನೂ ದೇವರು ಬಳಸಿಕೊಂಡರು.

ಕೃಪೆ ನಮ್ಮನ್ನು ರಕ್ಷಿಸುವುದಷ್ಟೇ ಅಲ್ಲ, ತಿದ್ದಿ ಕಲಿಸುತ್ತದೆ ಎಂದೂ ಪೌಲನು ತೀತನಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಕಲಿಯುವವರು ತಪ್ಪುತ್ತಾರೆ. ರೇಗಿದ ಮೇಲೆ ನಿಮ್ಮ ಮನಸ್ಸು ಚುಚ್ಚುತ್ತಿದೆಯಲ್ಲ, ಆ ಚುಚ್ಚುವಿಕೆಯೂ ಪವಿತ್ರಾತ್ಮನ ಕೆಲಸವೇ. ಆದ್ದರಿಂದ ಸಂಜೆ ಮಗು ಶಾಲೆಯಿಂದ ಬಂದಾಗ, ಪುಸ್ತಕದ ಚೀಲ ಇಳಿಸುವ ಹೊತ್ತಿಗೇ ಹತ್ತಿರ ಕರೆದು ‘ಬೆಳಿಗ್ಗೆ ನಾನು ಹಾಗೆ ಕೂಗಿದ್ದು ತಪ್ಪು, ಕ್ಷಮಿಸು ಕಂದಾ’ ಎನ್ನಿ. ‘ಆದರೆ ನೀನೂ ತಡಮಾಡಿದೆ’ ಎಂಬ ಮಾತನ್ನು ಸೇರಿಸಬೇಡಿ. ಅತ್ತೆಯವರೊಡನೆ ಇದು ಇನ್ನೂ ಕಷ್ಟವೆಂದು ಬಲ್ಲೆ. ಆದರೂ ಅಲ್ಲಿಯೂ ದಾರಿ ಇದೇ. ಸಂಡೇ ಸ್ಕೂಲನ್ನು ಬಿಡಬೇಡಿ.

ಪ್ರಶ್ನೆ: ಕುಡಿತದಿಂದ ನನ್ನನ್ನು ಬಿಡಿಸಿದ ದೇವರಿಗೆ ಎಷ್ಟು ಮಾಡಿದರೂ ಸಾಲದು ಎಂದುಕೊಂಡು ಪ್ರತಿ ಶನಿವಾರ ಆಸ್ಪತ್ರೆಯ ರೋಗಿಗಳ ಸೇವೆಗೆ ಹೋಗುತ್ತೇನೆ. ಒಂದು ವಾರ ತಪ್ಪಿದರೂ ದೇವರು ಮುನಿದಾರೆಂಬ ಭಯ ಕಾಡುತ್ತದೆ. ಇದು ಸರಿಯೇ?
– ಒಬ್ಬ ಯುವಕ, ಹುಬ್ಬಳ್ಳಿ

ಉತ್ತರ: ಸೇವೆ ಸರಿ, ಭಯ ಸರಿಯಲ್ಲ. ಬ್ಯಾಂಕಿನ ಸಾಲಕ್ಕೆ ಕಂತು ಕಟ್ಟುವವರಂತೆ ನೀವು ಶನಿವಾರಗಳನ್ನು ಕಟ್ಟುತ್ತಿದ್ದೀರಿ. ಹಾಗೆ ತೀರಿಸಬಹುದಾದದ್ದಾಗಿದ್ದರೆ ಅದು ಕೃಪೆಯೇ ಆಗುತ್ತಿರಲಿಲ್ಲ. ರಕ್ಷಣೆ ಕ್ರಿಯೆಗಳಿಂದ ಬಂದದ್ದಲ್ಲವೆಂದು ಎಫೆಸದವರಿಗೆ ಬರೆದ ಪೌಲನೇ, ಅದರ ಬೆನ್ನಿಗೇ, ದೇವರು ಮೊದಲೇ ಸಿದ್ಧಪಡಿಸಿದ ಸತ್ಕಾರ್ಯಗಳಿಗಾಗಿಯೇ ನಾವು ಸೃಷ್ಟಿಸಲ್ಪಟ್ಟಿದ್ದೇವೆ ಎನ್ನುತ್ತಾನೆ. ಉಳಿದ ಅಪೊಸ್ತಲರಿಗಿಂತ ಹೆಚ್ಚು ಪ್ರಯಾಸಪಟ್ಟೆನೆಂದು ಕೊರಿಂಥದವರಿಗೆ ಹೇಳಿದವನೂ ಅವನೇ, ಹಾಗೆ ಪ್ರಯಾಸಪಟ್ಟದ್ದು ತಾನಲ್ಲ, ತನ್ನೊಂದಿಗಿದ್ದ ದೇವರ ಕೃಪೆ ಎಂದು ತಿದ್ದಿಕೊಂಡವನೂ ಅವನೇ.

ರಮಾಬಾಯಿಯವರ ಬಾಳಿನಲ್ಲಿಯೂ ಇದನ್ನು ಕಾಣಬಹುದು. 1896–97ರ ಬರಗಾಲದಲ್ಲಿ ಅವರು ಮಧ್ಯಪ್ರಾಂತ್ಯಕ್ಕೆ ಹೋಗಿ, ಹಸಿದು ದಿಕ್ಕೆಟ್ಟಿದ್ದ ಹುಡುಗಿಯರನ್ನು ಪುಣೆಯ ಬಳಿಯ ಕೇಡಗಾಂವಿಗೆ ಕರೆತಂದರು. ಎಳೆವಯಸ್ಸಿನಲ್ಲಿ ಅಂಥದೇ ಹಸಿವನ್ನು ಉಂಡವರಾದ್ದರಿಂದ ಅವರು ಆ ಮಕ್ಕಳಲ್ಲಿ ತಮ್ಮನ್ನೇ ಕಂಡಿರಬೇಕೆಂದು ನನ್ನ ಊಹೆ. ಅಲ್ಲಿ ಬೆಳೆದ ಮುಕ್ತಿ ಮಿಷನ್ನಿನಲ್ಲಿ ಹುಡುಗಿಯರು ಅಡಿಗೆ, ನೇಯ್ಗೆ, ಬೇಸಾಯ ಕಲಿತರು. ರಮಾಬಾಯಿಯವರು ಮರಾಠಿಗೆ ಅನುವಾದಿಸಿದ ಬೈಬಲನ್ನು ಮುದ್ರಿಸಲು ಒಂದೊಂದೇ ಅಚ್ಚುಮೊಳೆ ಜೋಡಿಸುವುದನ್ನೂ ಕಲಿತರು. ಮೊಳೆ ಜೋಡಿಸುವ ಹುಡುಗಿ ಯಾವ ಸಾಲವನ್ನೂ ತೀರಿಸುತ್ತಿರಲಿಲ್ಲ. ತಾನು ಪಡೆದದ್ದು ಇನ್ನೊಬ್ಬರಿಗೆ ಮುಟ್ಟಲೆಂದು ಅವಳ ಬೆರಳು ದುಡಿಯುತ್ತಿತ್ತು. ನೀವು ಬರುವ ಒಂದು ಶನಿವಾರ ಬೇಕೆಂದೇ ಮನೆಯಲ್ಲಿ ಉಳಿದು, ಹೆಂಡತಿ ಮಕ್ಕಳಿದ್ದರೆ ಅವರೊಡನೆ, ಇಲ್ಲವೇ ಹೆತ್ತವರೊಡನೆ ಕುಳಿತು ಊಟಮಾಡಿ. ಅದರ ಮುಂದಿನ ವಾರ ಭಯವಿಲ್ಲದೆ ವಾರ್ಡಿಗೆ ಹೋಗಿ.

ಪ್ರಶ್ನೆ: ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದೇನೆ. ಮೊದಲು ಸಭೆಯ ಹಿರಿಯನಾಗಿದ್ದವನು ಈಗ ಯಾವ ಕೆಲಸಕ್ಕೂ ಬಾರದವನಾಗಿದ್ದೇನೆ. ಕೃಪೆ ಇನ್ನೂ ನನ್ನ ಪಾಲಿಗಿದೆಯೇ?
– ಒಬ್ಬ ಹಿರಿಯರು, ಚಾಮರಾಜನಗರ

ಉತ್ತರ: ಅಯ್ಯಾ, ಖಂಡಿತ ಇದೆ. ತನ್ನ ಶರೀರದ ಶೂಲವನ್ನು ತೆಗೆದುಹಾಕಬೇಕೆಂದು ಪೌಲನು ಮೂರು ಸಾರಿ ಬೇಡಿಕೊಂಡಾಗ ಶೂಲ ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ರಮಾಬಾಯಿಯವರಿಗೂ ಕೊನೆಗಾಲ ಸುಲಭವಾಗಿರಲಿಲ್ಲ: 1921ರಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಕೊಂಡಳು, ಮರುವರ್ಷದ ಏಪ್ರಿಲಿನಲ್ಲಿ ಅವರೂ ಹೋದರು. ಇಷ್ಟು ವರ್ಷ ನೀವು ಬೇರೆಯವರ ಮನೆಗೆ ಹೋಗಿ ಪ್ರಾರ್ಥಿಸಿದಿರಿ. ಈಗ ಅವರು ನಿಮ್ಮ ಮನೆಗೆ ಬರಲಿ, ಸಂಕೋಚಪಡಬೇಡಿ. ನಿಮ್ಮ ಸಭಾಪಾಲಕರಿಗೆ ಈ ವಾರವೇ ಹೇಳಿಕಳುಹಿಸಿ, ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸವನ್ನು ಮನೆಗೇ ತಂದುಕೊಡಲು ಕೇಳಿ. ಅವರು ಬಂದಾಗ ಸಭೆಯಲ್ಲಿ ಕಷ್ಟದಲ್ಲಿರುವವರ ಹೆಸರುಗಳನ್ನು ಬರೆಸಿಟ್ಟುಕೊಂಡು, ದಿನಕ್ಕೊಬ್ಬರಿಗಾಗಿ ಪ್ರಾರ್ಥಿಸಿ.