ಅಮ್ಮನ ತಿಥಿಯಲ್ಲಿ ಶೇಕಡಾವಾರು ಜಗಳ

ನಾನು ಆಪ್ತಸಮಾಲೋಚನೆ ಮಾಡುವ ಕೋಣೆಗೆ ಅಕ್ಕ-ತಮ್ಮ ಜೊತೆಯಲ್ಲೇ ಬಂದರು, ಆದರೆ ಕುರ್ಚಿ ದೂರ ಎಳೆದುಕೊಂಡು ಕೂತರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅಕ್ಕ ಶಾಲೆಯಲ್ಲಿ ಟೀಚರ್, ತಮ್ಮನದು ಹಾರ್ಡ್‌ವೇರ್ ಅಂಗಡಿ. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ಇವರ ತಾಯಿ ಕೋವಿಡ್‌ನಿಂದ ತೀರಿಕೊಂಡರು. 68 ವರ್ಷ, ಸಕ್ಕರೆ ಕಾಯಿಲೆ ಇತ್ತು.

ಇವರ ಜಗಳ ಆಸ್ತಿಯದ್ದಲ್ಲ, ಆ ರೋಗ ನೂರಕ್ಕೆ ಎಷ್ಟು ಜನರನ್ನು ಕೊಲ್ಲುತ್ತದೆ ಎನ್ನುವುದರದ್ದು. "ನೂರರಲ್ಲಿ ತೊಂಬತ್ತೊಂಬತ್ತು ಜನ ಉಳಿದರು. ಆಸ್ಪತ್ರೆಗೆ ಸೇರಿಸಿದ್ದಕ್ಕೇ ಅಮ್ಮ ಹೋದ್ರು" ಎಂದು ತಮ್ಮ. "ವಿಶ್ವ ಆರೋಗ್ಯ ಸಂಸ್ಥೆಯೇ ಶೇ. 3.4 ಅಂತ ಹೇಳಿತ್ತು" ಎಂದು ಅಕ್ಕ. ಹೋದ ವರ್ಷದ ತಿಥಿಯಲ್ಲಿ ಇಬ್ಬರೂ ಊಟ ಬಿಟ್ಟು ಎದ್ದರಂತೆ. ಆಮೇಲೆ ಮಾತಿಲ್ಲ.

ಲೆಕ್ಕ ಬದಿಗಿಡಿ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದ್ದರೆ ಇಬ್ಬರೂ ಎದ್ದು ಹೋಗುತ್ತಿದ್ದರು. ಒಂದು ಹಾಳೆ ತೆಗೆದುಕೊಂಡು ಮೂವರೂ ಕೂತೆವು. ಶೇ. 3.4 ಎಂಬುದು 2020ರ ಮಾರ್ಚ್‌ನ ಮಾತು. ಟೆಸ್ಟ್‌ನಲ್ಲಿ ಸಿಕ್ಕವರ ಪೈಕಿ ಸತ್ತವರ ಪಾಲು ಅದು. ಟೆಸ್ಟ್ ಆಗದೆ ವಾಸಿಯಾದವರು ಅದರಲ್ಲಿಲ್ಲ. 2021ರ ಜೂನ್ ಕೊನೆಗೆ ನಮ್ಮ ದೇಶದಲ್ಲಿ ದಾಖಲಾದ ಕೇಸು ಸುಮಾರು 3 ಕೋಟಿ. ಅದೇ ಜೂನ್-ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರಕ್ತ ಪರೀಕ್ಷೆ ಮಾಡಿದಾಗ ಶೇ. 67.6 ಜನರಲ್ಲಿ ಪ್ರತಿಕಾಯ, ಅಂದರೆ ಸೋಂಕು ಇಲ್ಲವೇ ಲಸಿಕೆಯ ನಂತರ ರಕ್ತದಲ್ಲಿ ಉಳಿಯುವ ಗುರುತು, ಸಿಕ್ಕಿತು. ಕೆಲವರಿಗೆ ಲಸಿಕೆಯಿಂದ ಬಂದದ್ದಿರಬಹುದು. ಆದರೂ ಸೋಂಕು ತಗುಲಿದವರು 3 ಕೋಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ಅಲ್ವಾ? ಹಾಗಾಗಿ ಶೇಕಡಾವಾರು ಇಳಿಯುತ್ತದೆ.

ತಮ್ಮನ ಮುಖ ಅರಳಿತು. ಸಾವಿನ ಲೆಕ್ಕವೂ ಪೂರ್ತಿಯಿಲ್ಲ ಎಂದೆ. 2020 ಮತ್ತು 2021ಕ್ಕೆ ಸರ್ಕಾರದ ಲೆಕ್ಕ ಸುಮಾರು 4.8 ಲಕ್ಷ. ಕೋವಿಡ್‌ನಿಂದ ನೇರವಾಗಿಯೋ ಪರೋಕ್ಷವಾಗಿಯೋ ಆದ ಹೆಚ್ಚುವರಿ ಸಾವು ಸುಮಾರು 47 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸರ್ಕಾರ ಅದನ್ನು ಒಪ್ಪಿಲ್ಲ. ಇನ್ನು ವಯಸ್ಸು. ಇಪ್ಪತ್ತರ ಹುಡುಗನಿಗಿಂತ ಎಂಬತ್ತರ ಅಜ್ಜಿಗೆ ಅಪಾಯ ನೂರಾರು ಪಟ್ಟು ಹೆಚ್ಚು. ಊರಿನವರೆಲ್ಲರ ಸರಾಸರಿ ನಿಮ್ಮ ಅಮ್ಮನಿಗೆ ಹೊಂದುವುದಿಲ್ಲ.

ತಮ್ಮ ತಲೆ ತಗ್ಗಿಸಿದರು. ಬಹಳ ಹೊತ್ತಾದ ಮೇಲೆ, "ಮನೆಯಲ್ಲಿ ಮೊದಲು ಜ್ವರ ಬಂದದ್ದು ನನಗೆ" ಎಂದರು.

ಅಕ್ಕ ತಿರುಗಿ ನೋಡಿದರು. "ಆಸ್ಪತ್ರೆ ಬೇಡ ಅಂತ ಎರಡು ದಿನ ಕಷಾಯ ಕೊಟ್ಟವಳು ನಾನು ಕಣೋ."

ರೋಗ ಸಣ್ಣದಾಗಿದ್ದರೆ ತಮ್ಮನ ಜ್ವರದಿಂದ ಅಮ್ಮ ಸತ್ತಿಲ್ಲ. ರೋಗ ಅಷ್ಟು ದೊಡ್ಡದಾಗಿದ್ದರೆ ಅಕ್ಕ ತಡ ಮಾಡದಿದ್ದರೂ ಅಮ್ಮ ಉಳಿಯುತ್ತಿರಲಿಲ್ಲ. ಇಬ್ಬರೂ ಇಷ್ಟು ವರ್ಷ ಇದನ್ನೇ ಹಿಡಿದುಕೊಂಡಿದ್ದರು.

"ನಿಮ್ಮದೇನೂ ತಪ್ಪಿಲ್ಲ" ಎಂದು ನಾನು ಸುಮ್ನೆ ಹೇಳಿಬಿಡಲಿಲ್ಲ. ಅವರು ನಂಬುತ್ತಿರಲಿಲ್ಲ. ಯಾರಿಂದ ಯಾರಿಗೆ ಹರಡಿತು ಎಂದು ಈಗ ತಿಳಿಯಲು ದಾರಿಯಿಲ್ಲ ಎಂದೆ. ಆಸ್ಪತ್ರೆಯ ಕಾಗದಗಳನ್ನು ಇಬ್ಬರೂ ಒಟ್ಟಿಗೆ ಬೇರೊಬ್ಬ ವೈದ್ಯರಿಗೆ ತೋರಿಸಿ, ಆ ಎರಡು ದಿನದ ಬಗ್ಗೆ ನೇರವಾಗಿ ಕೇಳಲು ಹೇಳಿದೆ. ಆ ವಾರವನ್ನು ದಿನಕ್ಕೊಂದು ಪುಟದಂತೆ ಬರೆಯಲು ಕೊಟ್ಟೆ. ಆ ದಿನ ಗೊತ್ತಿದ್ದದ್ದನ್ನು ಮಾತ್ರ ಬರೆಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬೇಕು. ಅಕ್ಕನಿಗೆ ನಿದ್ದೆ ಬರುತ್ತಿರಲಿಲ್ಲ, ಅದಕ್ಕೆ ಮನೋವೈದ್ಯರ ಬಳಿ ಕಳಿಸಿದೆ.

ಮೂರು ವಾರದ ನಂತರ ತಮ್ಮನ ಪುಟವನ್ನು ಅಕ್ಕ ಗಟ್ಟಿಯಾಗಿ ಓದಿದರು. ತನಗೆ ಜ್ವರ ಬಂದ ದಿನ, ಬೇಡವೆಂದರೂ ಅಮ್ಮ ಕೋಣೆಯೊಳಗೆ ಬಂದು ಗಂಜಿ ಕುಡಿಸಿದರು ಎಂದಿತ್ತು. "ಇದು ನಂಗೆ ಗೊತ್ತೇ ಇರ್ಲಿಲ್ಲ" ಎಂದು ಅಕ್ಕ ಅತ್ತರು. ಆಸ್ಪತ್ರೆಯ ಮೇಲೆ ತಮ್ಮನ ಸಿಟ್ಟು ಇನ್ನೂ ಇದೆ. ಮುಂದಿನ ಭೇಟಿ ಅದಕ್ಕೇ.