ಆಫೀಸಿನವರ ಜೊತೆ ಶೇರ್ ಹಾಕಿ ಓಣಂ ಬಂಪರ್ ತಗೊಳ್ಳಬಹುದಾ?

ವಿರಾಜಪೇಟೆಯ ನಿಮ್ಮ ಆಫೀಸಿನಲ್ಲಿ ಹತ್ತು ಮಂದಿ ತಲಾ 50 ರೂಪಾಯಿ ಹಾಕಿ ಕೇರಳದ ಓಣಂ ಬಂಪರ್ ಲಾಟರಿ ಟಿಕೆಟ್ ತರಿಸ್ತಿದ್ದಾರೆ, ಸೇರಲಾ ಬೇಡವಾ ಅಂತ ಕೇಳಿದ್ದೀರಿ. ಸೇರಿ. ಆದರೆ ಪಾಲು ಯಾರ್ಯಾರದ್ದು ಅನ್ನೋದು ಡ್ರಾಗೆ ಮುಂಚೆಯೇ ಬರಹದಲ್ಲಿರಬೇಕು. ಅದಕ್ಕೆ ಉಳಿದವರು ಒಪ್ಪದಿದ್ದರೆ ಖಂಡಿತ ಬೇಡ.

ಟಿಕೆಟ್ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ, 2024ರಲ್ಲಿ ಮಾರಾಟವಾದದ್ದು 70 ಲಕ್ಷಕ್ಕೂ ಹೆಚ್ಚು ಟಿಕೆಟ್. ಹಾಗಾಗಿ ಆ 50 ರೂಪಾಯಿ ಹೋಯಿತು ಅಂತಲೇ ಲೆಕ್ಕ ಹಾಕಿ ಕೊಡಿ. ನನಗೆ ಹೆದರಿಕೆ ಇರೋದು ಬಹುಮಾನ ಬಂದರೆ ಏನು ಅನ್ನೋದರ ಬಗ್ಗೆ.

ನಾನು ಕೆಲಸ ಮಾಡುವ ಕಾಫಿ ಕ್ಯೂರಿಂಗ್‌ನಲ್ಲಿ ಒಮ್ಮೆ ಕೇರಳದ ಇರಿಟ್ಟಿಗೆ ಹೋಗಿದ್ದ ಡ್ರೈವರ್ ನಮ್ಮೆಲ್ಲರದ್ದೊಂದು, ತನ್ನದೊಂದು ಅಂತ ಎರಡು ಟಿಕೆಟ್ ತಂದ. ಎರಡೂ ಒಂದೇ ಜೇಬಿನಲ್ಲಿ. ಒಂದಕ್ಕೆ 5,000 ಬಂತು. 'ಅದು ನಂದು' ಅಂದ. ಅವನು ಸುಳ್ಳು ಹೇಳುವವನಲ್ಲ ಅಂತ ನಾನು ಈಗಲೂ ನಂಬ್ತೀನಿ, ಆದರೆ ನಂಬರ್ ಯಾರೂ ನೋಡಿಟ್ಟಿರಲಿಲ್ಲ. ಮಧ್ಯಾಹ್ನ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದವರು ಬೇರೆ ಬೇರೆ ಕೂತರು. ಐದು ಸಾವಿರಕ್ಕೇ ಹೀಗಾದರೆ ಕೋಟಿಗೆ?

ಟಿಕೆಟ್ ತಂದ ದಿನವೇ ಎರಡೂ ಬದಿಯ ಫೋಟೋ, ಹೆಸರು, ಕೊಟ್ಟ ದುಡ್ಡು ಎಲ್ಲವೂ ಗ್ರೂಪಿಗೆ ಬೀಳಲಿ. ಒಂದು ಹಾಳೆಯಲ್ಲಿ ಎಲ್ಲರ ಸಹಿಯೂ ಇರಲಿ. ರಜೆಯಲ್ಲಿದ್ದವರ ಪಾಲನ್ನು ಇನ್ನೊಬ್ಬರು ಕೈಯಿಂದ ಹಾಕಿದ್ದರೆ ಆ ಪಾಲು ಯಾರದ್ದು ಅಂತಲೂ ಬರೆದಿಡಿ. ಜಗಳ ಶುರುವಾಗೋದೇ ಅಲ್ಲಿ. 2023ರಲ್ಲಿ ಕೇರಳದ ಪರಪ್ಪನಂಗಡಿಯಲ್ಲಿ ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ 11 ಹೆಂಗಸರು 250 ರೂಪಾಯಿ ಕೂಡಿಸಿ ಮಾನ್ಸೂನ್ ಬಂಪರ್‌ನಲ್ಲಿ 10 ಕೋಟಿ ಗೆದ್ದರಲ್ಲ, ಅವರಲ್ಲಿ ಇಬ್ಬರು 25 ರೂಪಾಯಿಯ ಒಂದೇ ಪಾಲನ್ನು ಹನ್ನೆರಡೂವರೆಯಂತೆ ಹಂಚಿಕೊಂಡಿದ್ದರು. ಅಷ್ಟು ಚಿಕ್ಕ ಲೆಕ್ಕವೂ ಎಲ್ಲರಿಗೂ ಗೊತ್ತಿರಬೇಕು.

25 ಕೋಟಿ ಅಂದರೆ ಕೈಗೆ 25 ಬರಲ್ಲ. ಏಜೆಂಟ್ ಕಮಿಷನ್ ಶೇ 10, ಉಳಿದದ್ದರಲ್ಲಿ ಶೇ 30 ತೆರಿಗೆ ಹಿಡಿದರೆ 15.75 ಕೋಟಿ, ಸರ್‌ಚಾರ್ಜ್ ಬೇರೆ. ಒಬ್ಬರ ಹೆಸರಲ್ಲೇ ಹಣ ತಗೊಂಡರೆ ತೆರಿಗೆಯೆಲ್ಲ ಅವರ ಪಾನ್‌ಗೆ ಬೀಳುತ್ತೆ. ಬ್ಯಾಂಕಿಗೆ ಓಡುವ ಮೊದಲು ಆಡಿಟರ್ ಹತ್ತಿರ ಹೋಗಿ.

ಟಿಕೆಟ್ ಎಲ್ಲಿಂದ ಬರುತ್ತೆ ಅಂತಲೂ ಕೇಳಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ, ಇಲ್ಲಿ ಗುಟ್ಟಾಗಿ ಮಾರುವವರ ಹತ್ತಿರ ತಗೋಬೇಡಿ. ಮಾಕುಟ್ಟ ದಾಟಿ ಕೇರಳಕ್ಕೆ ಹೋಗುವವರೋ ಕುಟ್ಟದಿಂದ ತೋಲ್ಪೆಟ್ಟಿ ಕಡೆ ಹೋಗುವವರೋ ಅಲ್ಲಿನ ಅಂಗಡಿಯಿಂದಲೇ ತರಲಿ. ಕೇರಳ ಲಾಟರಿ ಆನ್‌ಲೈನ್‌ನಲ್ಲಿ ಮಾರೋದೇ ಇಲ್ಲ. ವಾಟ್ಸಾಪ್‌ನಲ್ಲಿ ಕ್ಯೂಆರ್ ಕೋಡ್ ಕಳಿಸಿ 'ನಿಮ್ಮ ನಂಬರ್ ಬುಕ್ ಮಾಡ್ತೀವಿ' ಅನ್ನುವವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.