ರಸ್ತೆ ಅಗೆಯಲು ಅನುಮತಿ: ನಿಮ್ಮ ಪ್ರಶ್ನೆ, ಎಂಜಿನಿಯರ್ ಉತ್ತರ

ಈ ಸಲ ಬಂದ ಪತ್ರಗಳೆಲ್ಲ ರೋಡ್ ಕಟಿಂಗ್ ಅನುಮತಿ ಮತ್ತು ಆ ವಿಭಾಗದ ಕೆಲಸದ ಬಗ್ಗೆ. ಉತ್ತರಿಸಿದವರು ನಗರಸಭೆ, ಪಾಲಿಕೆಗಳಲ್ಲಿ ಇದೇ ಕೆಲಸ ಮಾಡಿ ನಿವೃತ್ತರಾದ ಸಿವಿಲ್ ಎಂಜಿನಿಯರ್.

ಪ್ರಶ್ನೆ: ಸರ್, ಸಿವಿಲ್ ಡಿಪ್ಲೊಮಾ ಮುಗಿಸಿದ್ದೇನೆ. ಪಾಲಿಕೆಯೊಂದರ ರೋಡ್ ಕಟಿಂಗ್ ಅನುಮತಿ ವಿಭಾಗದಲ್ಲಿ ಹೊರಗುತ್ತಿಗೆ ಮೇಲೆ ತಾಂತ್ರಿಕ ಸಹಾಯಕನ ಕೆಲಸ ಸಿಕ್ಕಿದೆ. ಅಲ್ಲಿ ಅರ್ಜಿ ನೋಡಿ ಸೀಲು ಹಾಕುವುದು ಬಿಟ್ಟರೆ ಏನೂ ಇರಲ್ಲ, ಓದಿದ್ದೆಲ್ಲ ಮರೆತುಹೋಗುತ್ತೆ ಅಂತ ಗೆಳೆಯರು ಹೇಳುತ್ತಾರೆ. ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸೂಪರ್‌ವೈಸರ್ ಕೆಲಸವೂ ಇದೆ. ಯಾವುದಕ್ಕೆ ಹೋಗಲಿ?
— ಡಿಪ್ಲೊಮಾ ಮುಗಿಸಿದವ, ದಾವಣಗೆರೆ

ಉತ್ತರ: ಪಾಲಿಕೆಗೆ ಹೋಗಿ. ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ, ಕುರ್ಚಿ ಬಿಟ್ಟು ಏಳದವನಿಗೆ ಅದು ಸೀಲು ಹಾಕುವ ಕೆಲಸವೇ. ಎದ್ದು ಸ್ಥಳಕ್ಕೆ ಹೋಗುವವನಿಗೆ ಮಾತ್ರ, ಊರಿನ ನೆಲದಡಿ ಏನೇನಿದೆ ಅನ್ನೋದು ಇಲ್ಲಿ ತಿಳಿಯುವಷ್ಟು ಬೇರೆಲ್ಲೂ ತಿಳಿಯುವುದಿಲ್ಲ. ನೀರಿನ ಪೈಪು, ಯುಜಿಡಿ ಅನ್ನೋ ಒಳಚರಂಡಿ, ಮಳೆನೀರಿನ ಚರಂಡಿ, ಬೆಸ್ಕಾಂ ಕೇಬಲ್, ನಾಲ್ಕಾರು ಕಂಪನಿಗಳ ಇಂಟರ್ನೆಟ್ ಕೇಬಲ್ಲಾದ ಓಎಫ್‌ಸಿ, ಈಗ ಅದರ ಜೊತೆ ಗ್ಯಾಸ್ ಪೈಪು. ಎಲ್ಲಕ್ಕೂ ಬೇಕಿರುವುದು ರಸ್ತೆ ಅಂಚಿನ ಅದೇ ಒಂದೆರಡು ಮೀಟರ್ ಜಾಗ. ಯಾರು ಯಾವ ಬದಿಯಲ್ಲಿ, ಎಷ್ಟು ಆಳದಲ್ಲಿ ಹೋಗಬೇಕು ಅಂತ ನೋಡಿ ವರದಿ ಕೊಡುವವರು ನೀವು. ಇದಕ್ಕೆ ಐಆರ್‌ಸಿ 98 ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಇದೆ. ಕೆಲಸದ ಜಾಗದಲ್ಲಿ ಬ್ಯಾರಿಕೇಡು, ಫಲಕ, ರಾತ್ರಿ ದೀಪ ಹೇಗಿರಬೇಕು ಅನ್ನೋದಕ್ಕೆ ಐಆರ್‌ಸಿ ಎಸ್‌ಪಿ 55. ಎರಡನ್ನೂ ಸೇರಿದ ಕೂಡಲೇ ಓದಿಬಿಡಿ.

ಅರ್ಜಿ ಬಂದಾಗ ನಕ್ಷೆ ನೋಡಬೇಕು, ಟೇಪು ಹಿಡಿದು ಉದ್ದ ಅಗಲ ಅಳೆಯಬೇಕು, ರಸ್ತೆ ಡಾಂಬರಿನದೋ ಕಾಂಕ್ರೀಟಿನದೋ, ಅದನ್ನು ಮಾಡಿದ ಗುತ್ತಿಗೆದಾರನ ನಿರ್ವಹಣಾ ಅವಧಿ ಮುಗಿದಿದೆಯೋ ಇಲ್ಲವೋ ಗುರುತು ಹಾಕಿಕೊಳ್ಳಬೇಕು, ಎಸ್‌ಆರ್ (ಸರ್ಕಾರದ ದರಪಟ್ಟಿ) ದರದಂತೆ ಶುಲ್ಕ ಲೆಕ್ಕ ಹಾಕಬೇಕು. ಇಷ್ಟು ಒಂದು ತಿಂಗಳಲ್ಲಿ ಕೈಗೆ ಬರುತ್ತದೆ. ಕಚೇರಿಯ ನಕ್ಷೆಯನ್ನು ಮಾತ್ರ ಪೂರ್ತಿ ನಂಬಬೇಡಿ. ಆ ವಾರ್ಡಿನ ಹಳೇ ವಾಲ್ವ್‌ಮನ್ ಯಾರು ಅಂತ ಕೇಳಿ, ಅವರನ್ನು ಜೊತೆಗೆ ಕರೆದುಕೊಂಡು ಒಮ್ಮೆ ಬೀದಿ ಸುತ್ತಿ. ಎಲ್ಲಿ ಪೈಪು ಅಡ್ಡ ದಾಟುತ್ತದೆ, ಯಾವ ಮನೆಯೆದುರು ಹಳೇ ವಾಲ್ವು ಡಾಂಬರಿನಡಿ ಮುಚ್ಚಿಹೋಗಿದೆ ಅಂತ ಅವರು ಕಾಲಲ್ಲೇ ತೋರಿಸುತ್ತಾರೆ. ಅದನ್ನೆಲ್ಲ ಬರೆದಿಟ್ಟುಕೊಂಡವನ ನೋಟ್‌ಬುಕ್ಕಿಗೆ ಆಮೇಲೆ ಇಡೀ ಕಚೇರಿ ಕೈ ಚಾಚುತ್ತದೆ.

ಇನ್ನು ನಾನು ಒತ್ತಿ ಹೇಳಬೇಕೆಂದಿರುವ ಮಾತು. ಗುಂಡಿ ತೆಗೆಯುವ ದಿನ ಎಲ್ಲರೂ ಬರುತ್ತಾರೆ, ಮುಚ್ಚುವ ದಿನ ಯಾರೂ ಇರುವುದಿಲ್ಲ. ರಸ್ತೆ ಉಳಿಯೋದು, ಹಾಳಾಗೋದು ಆ ದಿನವೇ. ಜೆಸಿಬಿ ಅಗೆದ ಮಣ್ಣನ್ನೇ, ಅದರಲ್ಲಿದ್ದ ಪ್ಲಾಸ್ಟಿಕ್ಕು ಡಾಂಬರು ಚೂರುಗಳ ಸಮೇತ, ಒಂದೇ ಸಲ ಪೈಪಿಗಾಗಿ ತೋಡಿದ ಕಾಲುವೆಗೆ ತಳ್ಳಿ ಮೇಲೆ ಚಕ್ರ ಹತ್ತಿಸಿಬಿಡುತ್ತಾರೆ. ನೋಡಲು ಸಮವಾಗೇ ಇರುತ್ತದೆ, ಮೊದಲ ದೊಡ್ಡ ಮಳೆಗೆ ಕುಸಿಯುತ್ತದೆ. ಪೈಪಿನ ಸುತ್ತ ಮರಳೋ ನುಣುಪು ಮಣ್ಣೋ ಬೀಳಬೇಕು. ಆಮೇಲೆ 150 ಮಿಲಿಮೀಟರಿನಷ್ಟು ದಪ್ಪದ ಒಂದೊಂದೇ ಪದರ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸು. ಅದರ ಮೇಲೆ ವೆಟ್ ಮಿಕ್ಸ್, ಅಂದರೆ ನೀರು ಬೆರೆಸಿದ ಜಲ್ಲಿ ಮಿಶ್ರಣ, ಕೊನೆಗೆ ಡಾಂಬರು. ಅಂಚನ್ನು ಒಡೆದು ಬಿಡೋದಲ್ಲ, ಕಟರ್‌ನಲ್ಲಿ ನೇರ ಗೆರೆಯಾಗಿ ಕತ್ತರಿಸಿರಬೇಕು. ಡಾಂಬರಿನ ತೇಪೆ ಕಾಲುವೆಗಿಂತ ಎರಡೂ ಬದಿ ಸ್ವಲ್ಪ ಜಾಸ್ತಿ ಅಗಲ ಇದ್ದರೆ ಸೇರುವ ಗೆರೆ ಗಟ್ಟಿ ನೆಲದ ಮೇಲೆ ಕೂರುತ್ತದೆ, ಬಿರುಕು ಬಿಡುವುದಿಲ್ಲ. ಗಾಡಿಯಲ್ಲಿ ಒಂದು ಕಂಬಿ ಇಟ್ಟುಕೊಂಡಿರಿ. ಮುಚ್ಚಿದ ಮಣ್ಣಿಗೆ ಕೈಯಲ್ಲಿ ಒತ್ತಿ, ಸುಮ್ನೆ ಇಳಿದುಬಿಟ್ಟರೆ ದಮ್ಮಸು ಆಗಿಲ್ಲ ಅಂತಲೇ. ಅಲ್ಲೇ ತೆಗೆಸಿ ಮತ್ತೆ ಹಾಕಿಸಿ. ಲ್ಯಾಬ್ ಪರೀಕ್ಷೆ ಬೇರೆ ಇದ್ದೇ ಇದೆ, ಇದು ಅಲ್ಲೇ ತಿಳಿಯೋದಕ್ಕೆ. ಪಕ್ಕದಲ್ಲಿ ಟೇಪು ಇಟ್ಟು ಫೋಟೋ ತೆಗೆದು ಕಡತಕ್ಕೆ ಸೇರಿಸಿ.

ಒಂದು ಎಚ್ಚರಿಕೆ. ಹೊರಗುತ್ತಿಗೆ ಅಂದರೆ ಕಾಯಂ ಅಲ್ಲ, ಆ ಆಸೆ ಇಟ್ಟುಕೊಂಡು ವರ್ಷ ಕಳೆಯಬೇಡಿ. ಸಂಜೆ ಹೊತ್ತು ಕಿರಿಯ ಎಂಜಿನಿಯರ್ ನೇಮಕಾತಿ ಪರೀಕ್ಷೆಗೆ ಓದಿ. ಡಿಪ್ಲೊಮಾದವರಿಗೆ ಇರುವ ಹುದ್ದೆ ಅದೇ.

ಪ್ರಶ್ನೆ: ನಮ್ಮ ಬೀದಿಗೆ ಡಾಂಬರು ಹಾಕಿ ಎರಡು ತಿಂಗಳೂ ಆಗಿರಲಿಲ್ಲ, ಗ್ಯಾಸ್ ಪೈಪಿಗೆ ಅಂತ ಅಗೆದರು. ಮುಚ್ಚಿದ್ದು ಈಗ ಕುಸಿದಿದೆ, ಪಕ್ಕದ ಮನೆಯ ಹುಡುಗಿ ಸ್ಕೂಟರ್‌ನಿಂದ ಬಿದ್ದಳು. ಕಂಪನಿಯವರು ನಗರಸಭೆಗೆ ದುಡ್ಡು ಕಟ್ಟಿದ್ದೇವೆ ಅನ್ನುತ್ತಾರೆ, ಅಲ್ಲಿ ಕೇಳಿದರೆ ಕಂಪನಿಯೇ ಮಾಡಬೇಕು ಅನ್ನುತ್ತಾರೆ. ಯಾರನ್ನು ಹಿಡಿಯಲಿ?
— ಗೃಹಿಣಿ, ಹೆಸರು ಊರು ಬೇಡ

ಉತ್ತರ: ಇಬ್ಬರಲ್ಲಿ ಯಾರು ಅನ್ನೋದು ಅನುಮತಿ ಪತ್ರದಲ್ಲೇ ಬರೆದಿರುತ್ತದೆ ಅಮ್ಮ. ಸಾಮಾನ್ಯವಾಗಿ ಎರಡು ದಾರಿ. ಕಂಪನಿ ರಸ್ತೆ ದುರಸ್ತಿಯ ಖರ್ಚು ಕಟ್ಟಿದ್ದರೆ ಸರಿಪಡಿಸಬೇಕಾದ್ದು ನಗರಸಭೆ. ತಾನೇ ಸರಿಪಡಿಸುತ್ತೇನೆ ಅಂತ ಒಪ್ಪಿ ಠೇವಣಿಯನ್ನೋ ಬ್ಯಾಂಕ್ ಗ್ಯಾರಂಟಿಯನ್ನೋ ಕೊಟ್ಟಿದ್ದರೆ ಹೊಣೆ ಕಂಪನಿಯದು, ಅದು ಮಾಡದಿದ್ದರೆ ಆ ದುಡ್ಡಿನಲ್ಲಿ ಮಾಡಿಸಿಕೊಳ್ಳುವ ಅಧಿಕಾರ ನಗರಸಭೆಗೆ ಇರುತ್ತದೆ. ಅನುಮತಿ ಪತ್ರ, ಷರತ್ತುಗಳು, ಠೇವಣಿ ವಾಪಸ್ ಕೊಟ್ಟಿದ್ದಾರೋ ಇಲ್ಲವೋ, ಇಷ್ಟನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ನಮ್ಮ ರಾಜ್ಯದಲ್ಲಿ ಅರ್ಜಿಗೆ 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಗ್ಯಾರಂಟಿ ಬಿಡುಗಡೆ ಆಗುವ ಮೊದಲೇ ಕೇಳಿದರೆ ಕೆಲಸ ಬೇಗ ಆಗುತ್ತದೆ. ಅಷ್ಟರೊಳಗೆ ಗುಂಡಿಗೆ ಟೇಪು ಹಿಡಿದು ಫೋಟೋ ತೆಗೆದು, ಹುಡುಗಿ ಬಿದ್ದ ದಿನಾಂಕ ಬರೆದು, ಮುಖ್ಯಾಧಿಕಾರಿ ಅಥವಾ ಪೌರಾಯುಕ್ತರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಹೊಸ ರಸ್ತೆ ಅಗೆಯೋದು ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಬೆಂಗಳೂರಿನಲ್ಲಿ ಎಲ್ಲ ಸಂಸ್ಥೆಗಳೂ ತಮ್ಮ ಅಗೆತವನ್ನು ಒಂದೇ ಕಡೆ ಮೊದಲೇ ತಿಳಿಸಲಿ ಅಂತ 2016ರಲ್ಲಿ ಒಂದು ಆನ್‌ಲೈನ್ ವ್ಯವಸ್ಥೆ ತಂದರು. ರೆಸಿಡೆನ್ಸಿ ರಸ್ತೆಯಂಥ, ನೆಲದಡಿಯ ಸೌಲಭ್ಯಗಳ ಸಮೇತ ಹೊಸದಾಗಿ ಮಾಡಿದ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಫುಟ್‌ಪಾತ್ ಅಡಿಯಲ್ಲೇ ಕೇಬಲ್ಲುಗಳಿಗೆ ಡಕ್ಟ್ ಮಾಡಿಟ್ಟರು, ಅಲ್ಲಿ ಚೇಂಬರ್ ಮುಚ್ಚಳ ಎತ್ತಿ ಕೇಬಲ್ ಎಳೆದರಾಯಿತು. ಸಣ್ಣ ಊರುಗಳಲ್ಲಿ ಅಷ್ಟು ದುಡ್ಡಿಲ್ಲ, ಒಪ್ಪುತ್ತೇನೆ. ಆದರೆ ಡಾಂಬರಿನ ಟೆಂಡರ್ ಕರೆಯುವ ಮೊದಲು ನೀರು, ಕರೆಂಟು, ಗ್ಯಾಸಿನವರಿಗೆ ಒಂದು ಕಾಗದ ಬರೆಯೋದಕ್ಕೆ ದುಡ್ಡು ಬೇಕಿಲ್ಲ.

ಪ್ರಶ್ನೆ: ನಾನು ಸಣ್ಣ ಊರೊಂದರಲ್ಲಿ ಜೆಇ. ಟೆಲಿಕಾಂ ಗುತ್ತಿಗೆದಾರರು ಬಂದು, ಕೇಂದ್ರದ ರೂಲ್ಸ್ ಇದೆ, ನೀವು ತಡೆಯುವ ಹಾಗಿಲ್ಲ, ಸ್ಥಳ ನೋಡೋದೂ ಬೇಡ, ಸಹಿ ಹಾಕಿ ಅಂತ ಒತ್ತಡ ತರುತ್ತಾರೆ. ಮೇಲಿನವರೂ ಹಾಕಿಬಿಡು ಅನ್ನುತ್ತಾರೆ.
— ಕಿರಿಯ ಎಂಜಿನಿಯರ್

ಉತ್ತರ: ರೂಲ್ಸ್ ಇರೋದು ನಿಜ. ಟೆಲಿಕಾಂ ರೈಟ್ ಆಫ್ ವೇ (ಸಾರ್ವಜನಿಕ ಜಾಗದಲ್ಲಿ ಕೇಬಲ್ ಹಾಯಿಸುವ ಹಕ್ಕು) ನಿಯಮ 2024, ಜಾರಿಗೆ ಬಂದಿದ್ದು 2025ರ ಜನವರಿ 1ರಿಂದ. 67 ದಿನದೊಳಗೆ ನೀವು ಒಪ್ಪಿಗೆಯನ್ನೂ ಕೊಡದೆ ತಿರಸ್ಕಾರವನ್ನೂ ಮಾಡದೆ ಕೂತರೆ ಅನುಮತಿ ಸಿಕ್ಕಂತೆಯೇ ಲೆಕ್ಕ. ಹಾಗಾಗಿ ಕಡತವನ್ನು ಸುಮ್ನೆ ಇಟ್ಟುಕೊಳ್ಳೋದು ನಿಮಗೇ ಕುತ್ತು. ಸ್ಥಳ ನೋಡಬೇಡಿ ಅಂತ ಮಾತ್ರ ಆ ನಿಯಮ ಎಲ್ಲೂ ಹೇಳುವುದಿಲ್ಲ. ತಿರಸ್ಕರಿಸುವುದಾದರೆ ಕಾರಣ ಬರೆಯಬೇಕು, ಅವರ ಮಾತು ಕೇಳಬೇಕು, ಅಷ್ಟೇ. ಅರ್ಜಿ ಬಂದ ವಾರವೇ ಹೋಗಿ ನೋಡಿ, ಮಾರ್ಗ ಬದಲಿಸಬೇಕಿದ್ದರೆ ಲಿಖಿತವಾಗಿ ತಿಳಿಸಿ. ಮೇಲಿನವರು ಬಾಯಲ್ಲಿ ಹೇಳಿದ್ದಕ್ಕೆ ಸಹಿ ಹಾಕಬೇಡಿ, ನಿಮ್ಮ ಪರಿಶೀಲನಾ ವರದಿ ಕಡತದಲ್ಲಿರಲಿ, ಆಮೇಲೆ ತೀರ್ಮಾನ ಅವರದು.

ಎಚ್‌ಡಿಡಿ ಯಂತ್ರದಲ್ಲಿ ನೆಲದಡಿ ತೂತು ಕೊರೆದು ಕೇಬಲ್ ಎಳೆಯುವವರ ಮೇಲೆ ಜಾಸ್ತಿ ಕಣ್ಣಿಡಿ. ಮೇಲೆ ರಸ್ತೆ ಚೆನ್ನಾಗೇ ಕಾಣುತ್ತದೆ, ಒಳಗೆ ಮನೆಯಿಂದ ಯುಜಿಡಿಗೆ ಹೋಗುವ ಪೈಪನ್ನು ತೂರಿಕೊಂಡು ಹೋಗಿರುತ್ತದೆ. ತಕ್ಷಣ ಗೊತ್ತೇ ಆಗುವುದಿಲ್ಲ. ಆ ಕೇಬಲ್ಲಿಗೆ ಬಟ್ಟೆ, ಕಸ ಸಿಕ್ಕಿಕೊಂಡು ಎಷ್ಟೋ ತಿಂಗಳ ಮೇಲೆ ಒಂದು ದಿನ ಕೊಳಚೆ ನೀರು ಮನೆಯೊಳಗೆ ಬರುತ್ತದೆ, ಅಷ್ಟರಲ್ಲಿ ಗುತ್ತಿಗೆದಾರ ಊರೇ ಬಿಟ್ಟಿರುತ್ತಾನೆ. ಕೊರೆಯುವ ಮೊದಲು ಯುಜಿಡಿ ದಾಟುವ ಕಡೆ ಪರೀಕ್ಷಾ ಗುಂಡಿ ತೆಗೆಸುವುದನ್ನು ಷರತ್ತಾಗಿ ಬರೆಯಿರಿ. ನಿಮ್ಮದೇ ಕಾಮಗಾರಿಗೆ ಅಗೆಯುವಾಗಲೂ, ನೆಲದಡಿ ಪೈಪು ಕೇಬಲ್ ಇರುವವರಿಗೆ ಮೊದಲೇ ಸುದ್ದಿ ಮುಟ್ಟಿಸುವ ಕಾಲ್ ಬಿಫೋರ್ ಯು ಡಿಗ್ ಆ್ಯಪ್‌ನಲ್ಲಿ ತಿಳಿಸಿ. 2023ರ ಮಾರ್ಚ್‌ನಲ್ಲಿ ಶುರುವಾಗಿದೆ, ಬಳಸುವವರು ಇನ್ನೂ ಜಾಸ್ತಿ ಆಗಬೇಕು.

ಪ್ರಶ್ನೆ: ಮದುವೆಯಾಗಿ ಅಮೆರಿಕಕ್ಕೆ ಬಂದಿದ್ದೇನೆ, ಕೆಲಸ ಮಾಡುವ ಅನುಮತಿ ಈಗ ಬಂತು. ಹಾಸನದಲ್ಲಿ ಬಿಇ ಸಿವಿಲ್ ಮಾಡಿದ್ದೆ. ಇಲ್ಲಿನ ಸಿಟಿ ಆಫೀಸಿನಲ್ಲಿ ರೈಟ್ ಆಫ್ ವೇ ಪರ್ಮಿಟ್ ಟೆಕ್ನಿಷಿಯನ್ ಅಂತ ಹುದ್ದೆ ಕರೆದಿದ್ದಾರೆ. ಬಿಇ ಮಾಡಿ ಟೆಕ್ನಿಷಿಯನ್ ಆಗೋದಾ ಅಂತ ಅಪ್ಪ ಬೇಜಾರು ಮಾಡಿಕೊಂಡಿದ್ದಾರೆ.
— ಹಾಸನದ ಹುಡುಗಿ, ಟೆಕ್ಸಾಸ್

ಉತ್ತರ: ಅರ್ಜಿ ಹಾಕಮ್ಮ, ಅಪ್ಪನಿಗೆ ನಾನು ಹೇಳಿದೆ ಅನ್ನು. ಅಲ್ಲಿನ ನಿಯಮ, ನಕ್ಷೆ, ಜನರ ಜೊತೆಗಿನ ಮಾತು ಎಲ್ಲ ಒಟ್ಟಿಗೆ ಕಲಿಯಲು ಇದು ಒಳ್ಳೆಯ ಬಾಗಿಲು. ಕೌಂಟರಿನಲ್ಲಿ ಬರುವ ಅರ್ಜಿಗಳು ನಮಗಿಂತ ಬಗೆಬಗೆ. ಮನೆಯೆದುರು ಡ್ರೈವ್‌ವೇ, ರಸ್ತೆ ಬದಿ ಕಸದ ದೊಡ್ಡ ಡಬ್ಬ ಇಡೋದು, ಫುಟ್‌ಪಾತಿನ ಮೇಲೆ ಹೋಟೆಲಿನ ಮೇಜು, ಎಲ್ಲಕ್ಕೂ ಪರ್ಮಿಟ್. ಅಗೆಯುವವರು ಮೊದಲು 811ಕ್ಕೆ ಫೋನ್ ಮಾಡಲೇಬೇಕು, 2007ರಿಂದ ಇಡೀ ದೇಶಕ್ಕೆ ಇದೇ ನಂಬರ್. ಆಮೇಲೆ ಕರೆಂಟು, ಗ್ಯಾಸು, ನೀರಿನವರು ತಮ್ಮ ತಮ್ಮ ಕೇಬಲ್, ಪೈಪು ಎಲ್ಲಿದೆ ಅಂತ ರಸ್ತೆ ಮೇಲೆ ಬಣ್ಣದಲ್ಲಿ ಗುರುತು ಹಾಕುತ್ತಾರೆ. ಕೆಂಪು ಕರೆಂಟು, ಹಳದಿ ಗ್ಯಾಸು, ಕಿತ್ತಳೆ ಫೋನು ಇಂಟರ್ನೆಟ್, ನೀಲಿ ಕುಡಿಯುವ ನೀರು, ಹಸಿರು ಒಳಚರಂಡಿ, ಬಿಳಿ ಅಗೆಯಬೇಕಿರುವ ಜಾಗ. ಇದು ಬಾಯಿಪಾಠ ಇರಲಿ, ಸಂದರ್ಶನಕ್ಕೂ ಉಪಯೋಗ.

ಸಂಚಾರ ನಿಯಂತ್ರಣ ನಕ್ಷೆಗೆ ಎಂಯುಟಿಸಿಡಿ ಅನ್ನೋ ಅಮೆರಿಕದ ಸಂಚಾರ ಫಲಕ, ಸಂಕೇತಗಳ ಕೈಪಿಡಿಯ 6ನೇ ಭಾಗ ಓದು. ಗಾಲಿಕುರ್ಚಿಯವರು ಫುಟ್‌ಪಾತಿನಿಂದ ಇಳಿಯುವ ಇಳಿಜಾರನ್ನು ಅವರು ಬಹಳ ಕಟ್ಟುನಿಟ್ಟಾಗಿ ನೋಡುತ್ತಾರೆ. ಉದ್ದಕ್ಕೆ 12ಕ್ಕೆ 1ಕ್ಕಿಂತ ಕಡಿದಾಗಿರಬಾರದು, ಅಡ್ಡಕ್ಕೆ ಸುಮಾರು ಶೇ 2 ದಾಟಬಾರದು. ಡಿಜಿಟಲ್ ರಸಮಟ್ಟ ಇಟ್ಟು ಅಳೆಯುತ್ತಾರೆ, ಮೀರಿದರೆ ಕಾಂಕ್ರೀಟ್ ಒಡೆಸಿ ಮತ್ತೆ ಹಾಕಿಸುತ್ತಾರೆ. ನಮ್ಮ ಊರುಗಳಲ್ಲೂ ಒಬ್ಬೊಬ್ಬ ಜೆಇ ಹೀಗೆ ಹಟ ಹಿಡಿದರೆ ಎಷ್ಟು ಅಜ್ಜ ಅಜ್ಜಿಯರು ಮನೆಯಿಂದ ಹೊರಗೆ ಬಂದಾರು ಅಲ್ವಾ?

ಪ್ರಶ್ನೆ: ನೀರಿನ ಮೇನ್ ಪೈಪು ರಸ್ತೆಯ ಆಚೆ ಬದಿ ಇದೆ. ರಾತ್ರಿ ನಾವೇ ಅಗೆದು ನಲ್ಲಿ ಎಳೆದುಕೊಳ್ಳಿ, ಬೆಳಗಾಗೋದರೊಳಗೆ ಮುಚ್ಚಿದರಾಯಿತು ಅಂತ ಪ್ಲಂಬರ್ ಹೇಳುತ್ತಾನೆ.
— ಹೊಸ ಮನೆ ಕಟ್ಟಿದವರು, ಹಾವೇರಿ

ಉತ್ತರ: ಬೇಡ. ರಾತ್ರಿ ಕತ್ತಲಲ್ಲಿ ಗುದ್ದಲಿ ಎಲ್ಲಿ ಬೀಳುತ್ತೆ ಅಂತ ನಿಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ, ಕೆಳಗೆ ಕರೆಂಟಿನ ಕೇಬಲ್ ಇದ್ದರೆ ಪ್ರಾಣಕ್ಕೇ ಅಪಾಯ. ನಲ್ಲಿ ಸಂಪರ್ಕದ ಅರ್ಜಿ ಜೊತೆಗೇ ರಸ್ತೆ ಅಗೆತದ ಅನುಮತಿಯನ್ನೂ ಕೇಳಿ, ಶುಲ್ಕ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಅಕ್ಕಪಕ್ಕದಲ್ಲಿ ಇನ್ನೂ ಯಾರಿಗಾದರೂ ನಲ್ಲಿ ಬೇಕಿದ್ದರೆ ಎಲ್ಲರೂ ಸೇರಿ ಒಟ್ಟಿಗೆ ಅರ್ಜಿ ಹಾಕಿ, ಒಂದೇ ಸಲ ಅಗೆದರೆ ಸಾಕಾಗುತ್ತದೆ. ಮುಂದೆ ಪೈಪು ಬದಲಿಸಬೇಕಾದರೆ ರಸ್ತೆ ಮುಟ್ಟದೆ ಎಳೆಯಲು ಬರುವಂತೆ, ನಲ್ಲಿ ಪೈಪಿಗಿಂತ ದಪ್ಪದ ಇನ್ನೊಂದು ಪೈಪನ್ನು ರಸ್ತೆಯಡಿ ಹಾಕಿಸಿ ಅದರೊಳಗೆ ನಲ್ಲಿ ಪೈಪು ತೂರಿಸಿ. ಆ ಪೈಪಿಗೆ ಆಗುವ ಖರ್ಚು ದೊಡ್ಡದೇನಲ್ಲ.